ಓದುವ ಕೋಣೆಯೊಳಗಿನ ಮಾತು

ಪ್ರತಿಯಂತ್ರದ ಹಸಿರು ದೀಪ ಹೊತ್ತಿ ಅರ್ಧ ನಿಮಿಷವಾಗಿತ್ತು. ಗಾಲಿಕುರ್ಚಿಯಲ್ಲಿದ್ದ ಮಂದಾಕಿನಿಯ ತುಟಿ ಅಲುಗಲಿಲ್ಲ. ಆದರೆ ಮೇಜಿನ ಮೇಲಿದ್ದ ಸ್ಪೀಕರಿನಿಂದ ಅವಳ ದನಿ ಬಂತು.

"ರೀ, ಕುತ್ತಿಗೆ ಹಿಂದಿನ ದಿಂಬು ಒತ್ತುತ್ತಿದೆ. ಎರಡು ವರ್ಷದಿಂದ ಒತ್ತುತ್ತಿದೆ."

ಗಂಡ ಶಾಂತವೀರಪ್ಪ ದಿಂಬು ತೆಗೆದು, ಅದನ್ನೇ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟ.

ಅದು ೨೦೫೮ನೆಯ ಇಸವಿ, ಹಳೆಯ ಸಾಫ್ಟ್‌ವೇರ್‌ಗಳನ್ನು ಕಾಪಿಡುವ ದಾವಣಗೆರೆಯ ತಂತ್ರಾಂಶ ಗ್ರಂಥಾಲಯ. ಗಣಿತದ ಶಿಕ್ಷಕಿಯಾಗಿದ್ದ ಮಂದಾಕಿನಿಗೆ ಹದಿನೈದು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು, ಕಣ್ಣೆವೆಯೊಂದನ್ನು ಬಿಟ್ಟು ಮೈಯೆಲ್ಲ ಕಲ್ಲಾಗಿತ್ತು. ವೈದ್ಯರು ಅವಳ ಮೆದುಳಿನಲ್ಲಿ ಅಕ್ಕಿಕಾಳಿನಷ್ಟು ಪುಟ್ಟ ಎಲೆಕ್ಟ್ರಾನಿಕ್ ತಟ್ಟೆಯೊಂದನ್ನು ಕೂರಿಸಿದರು. ಅವಳು ಆಡಬೇಕೆಂದುಕೊಂಡ ಮಾತನ್ನು ಅದು ಗ್ರಹಿಸುತ್ತಿತ್ತು. ಕುರ್ಚಿಗೆ ಕಟ್ಟಿದ ಪೆಟ್ಟಿಗೆಯ ತಂತ್ರಾಂಶ ಅದನ್ನು ದನಿಯಾಗಿಸುತ್ತಿತ್ತು. ಪೆಟ್ಟಿಗೆ ದಿನಕ್ಕೊಮ್ಮೆ ಅದನ್ನು ತಯಾರಿಸಿದ ಕಂಪನಿಯ ಅನುಮತಿ ಕೇಳಬೇಕಿತ್ತು. ಎರಡು ವರ್ಷದ ಹಿಂದೆ ಕಂಪನಿ ಮುಚ್ಚಿತು. ಮರುದಿನ ಅನುಮತಿ ಕೊಡುವವರಿರಲಿಲ್ಲ; ಪೆಟ್ಟಿಗೆ ತನ್ನೊಳಗಿನ ತಂತ್ರಾಂಶಕ್ಕೆ ಯಾರೂ ತೆರೆಯಲಾಗದ ಬೀಗ ಹಾಕಿತು. ತಟ್ಟೆ ಸರಿಯಿತ್ತು, ಮೆದುಳು ಸರಿಯಿತ್ತು, ಮಾತು ಮಾತ್ರ ನಿಂತಿತು.

ಗ್ರಂಥಾಲಯದ ವಿಜ್ಞಾನಿ ಅನಸೂಯಾ ಕಮ್ಮಾರ ರೂಪಿಸಿದ ಪ್ರತಿಯಂತ್ರ ಯಾವ ಹಳೆಯ ಕಂಪ್ಯೂಟರಿನಂತೆ ಬೇಕಾದರೂ ವರ್ತಿಸಬಲ್ಲದು. ಪುಸ್ತಕ ಎಷ್ಟು ಹಳೆಯದಾದರೂ ಕಣ್ಣಿದ್ದರೆ ಓದಬಹುದು. ತಂತ್ರಾಂಶಕ್ಕೆ ಅದರದೇ ಯಂತ್ರ ಬೇಕು. ಆ ಯಂತ್ರದ ಪಾತ್ರವನ್ನು ಇದು ವಹಿಸುತ್ತಿತ್ತು, ಅನುಮತಿಯ ಪ್ರಶ್ನೆಗೂ ಇದೇ ಉತ್ತರ ಕೊಡುತ್ತಿತ್ತು. ಮಂದಾಕಿನಿಯ ತಂತ್ರಾಂಶದ ಒಂದು ಪ್ರತಿಯನ್ನು ಯಾರೋ ಗ್ರಂಥಪಾಲಕರು ಹಿಂದೆಯೇ ಎತ್ತಿಟ್ಟಿದ್ದರು.

"ಇದನ್ನು ಮನೆಗೆ ಒಯ್ಯಬಹುದಾ ಮೇಡಂ?" ಶಾಂತವೀರಪ್ಪ ಕೇಳಿದ.

ಅನಸೂಯಾ ತಲೆ ತಗ್ಗಿಸಿದಳು. "ಇಲ್ಲ ಸರ್. ಉಳಿಸಿಕೊಳ್ಳಲು ಪ್ರತಿ ಮಾಡುವುದು ನ್ಯಾಯೋಚಿತ ಬಳಕೆ, ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ಆದರೆ ಬಳಸುವುದು ಈ ಓದುವ ಕೋಣೆಯ ಒಳಗೆ ಮಾತ್ರ. ಹಕ್ಕುಸ್ವಾಮ್ಯ ಮುಗಿಯಲು ಇನ್ನೂ ನಲವತ್ತು ವರ್ಷ ಇದೆ."

ಹಾಗೆ ಮಂದಾಕಿನಿ ದಿನವೂ ಹತ್ತು ಗಂಟೆಗೆ ಬಂದು ಐದರವರೆಗೆ ಮಾತಾಡತೊಡಗಿದಳು. ಐದಕ್ಕೆ ಐದು ನಿಮಿಷವಿದ್ದಾಗ ಆತುರ ಶುರುವಾಗುತ್ತಿತ್ತು: ಸೊಳ್ಳೆ ಬತ್ತಿ ಹಚ್ಚಿ, ಎಡಗಡೆ ಮಲಗಿಸಿ, ಗಂಜಿಗೆ ಉಪ್ಪು ಕಡಿಮೆ. ಒಂದು ಶನಿವಾರ ವಾಕ್ಯದ ನಡುವೆಯೇ ದೀಪ ಆರಿತು. "ರೀ, ನನಗೆ ಹೆದರಿಕೆ ಆಗುವುದು—" ಯಾವುದಕ್ಕೆಂದು ತಿಳಿಯಲು ಶಾಂತವೀರಪ್ಪ ಸೋಮವಾರದವರೆಗೆ ಕಾಯಬೇಕಾಯಿತು.

"ನೀವು ನನ್ನೆದುರೇ ಬೇರೆಯವರ ಹತ್ತಿರ ನನ್ನ ಬಗ್ಗೆ ಮಾತಾಡುವುದು," ಎಂದಳು ಸೋಮವಾರ. "ಆಗ ನಾನು ಸತ್ತುಹೋಗಿದ್ದೇನೆ ಅನ್ನಿಸುತ್ತದೆ."

ತಂತ್ರಾಂಶವನ್ನು ಮನೆಯಲ್ಲೂ ಬಳಸಲು ಒಪ್ಪಿಗೆ ಕೇಳಿ ಅನಸೂಯಾ ಹಕ್ಕುಸ್ವಾಮ್ಯ ಮಂಡಳಿಗೆ ಅರ್ಜಿ ಹಾಕಿದಳು. ಮಂದಾಕಿನಿಗೆ ಬೇರೆಲ್ಲೂ ಮಾತು ಬಾರದ ಕಾರಣ ಮೂವರು ಸದಸ್ಯರು ಓದುವ ಕೋಣೆಗೇ ಬಂದರು. ಮುಚ್ಚಿದ ಕಂಪನಿಯ ಸ್ವತ್ತನ್ನು ಕೊಂಡವರ ಪರವಾಗಿ ಒಬ್ಬ ವಕೀಲರೂ ಬಂದಿದ್ದರು.

"ನಮ್ಮ ಕಕ್ಷಿದಾರರು ಈ ತಂತ್ರಾಂಶವನ್ನು ಮಾರುತ್ತಿಲ್ಲ, ಮಾರುವ ಉದ್ದೇಶವೂ ಇಲ್ಲ," ಎಂದರು ವಕೀಲರು. "ಆದರೂ ಹಕ್ಕು ಅವರದೇ."

"ಮಾರಿದ್ದರೆ ಕೊಳ್ಳುತ್ತಿದ್ದೆ ಸ್ವಾಮಿ," ಎಂದಳು ಮಂದಾಕಿನಿ. "ನೀವು ಬೀಗ ಹಾಕಿದ್ದು ನಿಮ್ಮ ಮನೆಗೆ ಅಂದುಕೊಂಡಿದ್ದೀರಿ. ಒಳಗೆ ನಾನಿದ್ದೇನೆ."

ವಕೀಲರು ಕಾಗದ ತಿರುವಿದರು.

ತೀರ್ಪಿಗೆ ಏಳು ತಿಂಗಳು ಹಿಡಿಯಿತು. ಮಾರುವವರೇ ಇಲ್ಲದ ತಂತ್ರಾಂಶವನ್ನು, ದೇಹವೇ ಅದನ್ನು ಅವಲಂಬಿಸಿರುವವರು ಎಲ್ಲಿಯಾದರೂ ಬಳಸಬಹುದು ಎಂದಿತು ಮಂಡಳಿ. ಅನಸೂಯಾ ಪುಟ್ಟದೊಂದು ಪ್ರತಿಯಂತ್ರ ತಯಾರಿಸಿ ಕುರ್ಚಿಗೆ ಕಟ್ಟಿದಳು. ಗಂಡ ಹೆಂಡತಿ ಮನೆಗೆ ಹೊರಟಾಗ ಬಾಗಿಲಲ್ಲಿ ಇನ್ನೊಂದು ಗಾಲಿಕುರ್ಚಿ ಎದುರಾಯಿತು. ಸುದ್ದಿ ಓದಿದ ಹೊಸಪೇಟೆಯ ಹೆಂಗಸೊಬ್ಬಳು ತನ್ನ ತಂದೆಯನ್ನು ಕರೆತಂದಿದ್ದಳು. ಅವರ ತಟ್ಟೆ ಇನ್ನೂ ಹಳೆಯದು, ಬೇರೆ ಕಂಪನಿಯದು. ಒಂಬತ್ತು ವರ್ಷದಿಂದ ಮಾತಿಲ್ಲ.

ಮಂದಾಕಿನಿ ಹೊರಡದೆ ಅಲ್ಲೇ ಕಾದಳು; ಅನಸೂಯಾ ಇಡೀ ಮಧ್ಯಾಹ್ನ ಹುಡುಕಿದಳು. ಬೇರೆ ದೇಶಗಳ ಗ್ರಂಥಾಲಯಗಳನ್ನೂ ಕೇಳಿದಳು.

"ಇದರ ಪ್ರತಿ ಎಲ್ಲೂ ಉಳಿದಿಲ್ಲ ಅಮ್ಮ," ಎಂದಳು ಕೊನೆಗೆ. "ಯಂತ್ರ ನನ್ನ ಹತ್ತಿರ ಇದೆ. ಅದರಲ್ಲಿ ಓಡಿಸಲು ಏನೂ ಇಲ್ಲ."

"ಆಗ ಯಾಕೆ ಯಾರೂ ಎತ್ತಿಡಲಿಲ್ಲ?"

"ಎತ್ತಿಡಬಹುದೋ ಬಾರದೋ ಎಂದು ಹೆದರಿದರು. ೨೦೩೦ರ ಸುಮಾರಿಗೆ ಯಾರಾದರೂ ಒಬ್ಬರು ಒಂದು ಪ್ರತಿ ಮಾಡಿಟ್ಟಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ."

"ಪಾಪ, ಅಪ್ಪನಿಗೆ ಇದೆಲ್ಲ ತಿಳಿಯುವುದಿಲ್ಲ ಬಿಡಿ," ಎಂದು ಮಗಳು ಕಣ್ಣೊರೆಸಿಕೊಂಡಳು.

ಮುದುಕನ ಕಣ್ಣೆವೆ ಒಮ್ಮೆ ಬಲವಾಗಿ ಮುಚ್ಚಿ ತೆರೆಯಿತು.

"ಅವರಿಗೆ ತಿಳಿಯುತ್ತದೆ," ಎಂದಳು ಮಂದಾಕಿನಿ. "ರೀ, ನನ್ನನ್ನು ಅವರ ಎದುರಿಗೆ ನಿಲ್ಲಿಸಿ. ಮನೆಗೆ ಆಮೇಲೆ ಹೋಗೋಣ."