ಚನ್ನವೀರಪ್ಪ ಮೇಷ್ಟ್ರ ಪ್ರತಿಮತಿ

ವಾರ್ಡ್ ಸಭೆಯಲ್ಲಿ ನಾನೂರ ಹನ್ನೊಂದು ಮತ ಬಿದ್ದು ಮುಗಿಯಲು ಒಂಬತ್ತೇ ಸೆಕೆಂಡು ಸಾಕಾಯಿತು. ನಾನೂರ ಹತ್ತು ಕುರ್ಚಿಗಳ ಮೇಲೆ ಅಂಗೈಯಗಲದ ಪೆಟ್ಟಿಗೆಗಳು ಮಿನುಗಿದವು. ಕೈಯೆತ್ತಿದ ಮನುಷ್ಯಜೀವಿ ಒಂದೇ: ಬೀದಿ ಗುಡಿಸುವ ಹನುಮಕ್ಕ. ಅವಳ ಮನೆಯಲ್ಲಿ ಪೆಟ್ಟಿಗೆಯಿರಲಿಲ್ಲ.

ಆ ಪೆಟ್ಟಿಗೆಯ ಹೆಸರು ಪ್ರತಿಮತಿ. ಆರು ತಿಂಗಳು ಮನೆಯಲ್ಲಿದ್ದು ಯಜಮಾನನ ಮನಸ್ಸನ್ನು ಕಲಿತು, ಆಮೇಲೆ ಅವನ ಬದಲು ಸಭೆಗೆ ಹೋಗಿ ಮತ ಹಾಕುವ ಯಂತ್ರ. ಜನ ಸಭೆಗೆ ಬರುವುದಿಲ್ಲವೆಂಬ ಹಳೆಯ ರೋಗಕ್ಕೆ ಇದೇ ಮದ್ದೆಂದು ಬೀದಿ ಬೀದಿ ಸಾರಿದವರು ನಿವೃತ್ತ ಪೌರನೀತಿ ಮೇಷ್ಟ್ರು ಚನ್ನವೀರಪ್ಪ. ಈ ಸಲದ ಅರ್ಜಿಯನ್ನು ಹನುಮಕ್ಕನಿಗೆ ಬರೆದುಕೊಟ್ಟವರೂ ಅವರೇ. ಬೇಸಿಗೆಗೆ ಮುಂಚೆ ಬೀದಿ ಗುಡಿಸುವವರಿಗೆ ಕುಡಿಯುವ ನೀರಿನ ನಲ್ಲಿಯೊಂದು ಬೇಕು, ಅದೂ ಮೇಷ್ಟ್ರ ಮನೆಯಿರುವ ಬೀದಿಯ ಮೂಲೆಯಲ್ಲೇ.

ಅರ್ಜಿ ಬಿದ್ದುಹೋಯಿತು. ಪರ ಇನ್ನೂರ ಐದು, ವಿರೋಧ ಇನ್ನೂರ ಆರು.

"ಥೂ, ಎಂಥ ಜನ!" ಎಂದು ಮೇಷ್ಟ್ರು ಮನೆಯಲ್ಲಿ ಕೂತೇ ಹಲ್ಲು ಕಡಿದರು. ನಗರಸಭೆಯ ಗಾಡಿಯಲ್ಲಿ ಮರಳಿ ಬಂದ ತಮ್ಮ ಪೆಟ್ಟಿಗೆಯನ್ನು, "ನೀನಂತೂ ಪರ ತಾನೇ?" ಎಂದು ಕೇಳಿದರು.

"ವಿರೋಧ," ಎಂದಿತು ಪೆಟ್ಟಿಗೆ.

ಅದನ್ನು ಕಂಕುಳಲ್ಲಿ ಇರುಕಿಕೊಂಡು ವಿಜ್ಞಾನಿ ನಸೀಮಾಳ ಬಳಿ ಓಡಿದರು. ಪ್ರತಿಮತಿಯನ್ನು ರೂಪಿಸಿದವಳು ಅವಳೇ, ಅವರ ಹಳೆಯ ವಿದ್ಯಾರ್ಥಿನಿ.

"ಇದಕ್ಕೆ ತಲೆ ಕೆಟ್ಟಿದೆ ಕಣಮ್ಮ! ಅರ್ಜಿ ಬರೆದೋನೇ ನಾನು!"

ನಸೀಮಾ ಪೆಟ್ಟಿಗೆಯ ದಾಖಲೆ ತೆರೆದು ನೋಡಿದಳು. ಆಮೇಲೆ ಅವರ ಮುಖ ನೋಡದೆಯೇ ಹೇಳಿದಳು: "ಸಾರ್, ಇದು ನಾವು ಆಡೋದನ್ನ ಕಲಿಯಲ್ಲ, ಮಾಡೋದನ್ನ ಕಲಿಯುತ್ತೆ. ಮಾತು ನಂಬಿದ್ರೆ ಎಲ್ರೂ ಸಂತರೇ ಅಲ್ವಾ? ಹನುಮಕ್ಕ ಹನ್ನೊಂದು ಸಲ ನಿಮ್ಮ ಗೇಟ್ ಹತ್ರ ನೀರು ಕೇಳಿದಾಳೆ. ಹನ್ನೊಂದು ಸಲಾನೂ 'ಟ್ಯಾಂಕ್ ಖಾಲಿ' ಅಂದಿದೀರಿ. ಟ್ಯಾಂಕ್ ತುಂಬಿತ್ತು."

ಒಮ್ಮೆ ಕೊಟ್ಟರೆ ದಿನಾ ಬರುತ್ತಾರೆ, ಗೇಟಿನ ಬಳಿ ಗುಂಪು ಕೂಡುತ್ತಾರೆ ಎಂಬುದಷ್ಟೇ ಅವರ ಯೋಚನೆಯಾಗಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಶಿಷ್ಯೆಯ ಎದುರು ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ.

"ಸರಿಪಡಿಸೋಕೆ ಆಗಲ್ವಾ?"

"ಎರಡು ದಾರಿ ಇದೆ ಸಾರ್. ಪೆಟ್ಟಿಗೆ ಕೆಟ್ಟಿದೆ ಅಂತ ಬರೆದುಕೊಟ್ರೆ ತನಿಖೆ ಆಗುತ್ತೆ, ಆರು ತಿಂಗಳು. ಇಲ್ಲಾಂದ್ರೆ ಮತ ಖಾಯಂ ಆಗೋ ಮುಂಚೆ, ನಾಳಿನ ಸಭೆಗೆ ನೀವೇ ಹೋಗಿ, 'ಅದು ಸರಿಯಾಗೇ ಕಲಿತಿದೆ, ತಪ್ಪು ನಂದು' ಅಂತ ಕಾರಣ ಸಮೇತ ಹೇಳ್ಬೇಕು. ಮತ ಆ ಕ್ಷಣವೇ ಬದಲಾಗುತ್ತೆ."

ಆರು ತಿಂಗಳಲ್ಲಿ ಬೇಸಿಗೆಯೇ ಮುಗಿದಿರುತ್ತದೆ. ಅದು ಗೊತ್ತಿದ್ದೂ, ಮರುದಿನ ಸಭೆಗೆ ಹೊರಟ ಮೇಷ್ಟ್ರ ಜೇಬಿನಲ್ಲಿದ್ದದ್ದು ತನಿಖೆಯ ಅರ್ಜಿಯೇ. ಮರ್ಯಾದೆ ಯಾರಿಗೆ ಬೇಡ ಹೇಳಿ!

ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಪೆಟ್ಟಿಗೆಗಳಿಗೆ. ಬಾಗಿಲ ಬಳಿಯ ಬೆಂಚಿನ ಮೇಲಿದ್ದ ಹನುಮಕ್ಕ ಸರಿದು ಜಾಗ ಮಾಡಿಕೊಟ್ಟಳು. ಬೆವರುತ್ತಿದ್ದ ಮೇಷ್ಟ್ರನ್ನು ಕಂಡು ಚೀಲದಿಂದ ನೀರಿನ ಬಾಟಲಿ ತೆಗೆದಳು.

"ಕುಡೀರಿ ಮೇಷ್ಟ್ರೇ. ಪಾಪ, ನಿಮ್ಮನ್ಯಾಗೆ ಯಾವಾಗ್ಲೂ ಟ್ಯಾಂಕ್ ಖಾಲಿ. ಅದಕ್ಕೇ ನಲ್ಲಿ ನಿಮ್ಮ ಮೂಲ್ಯಾಗೇ ಇರ್ಲಿ ಅಂದಿದ್ದು ನಾನು. ನಿಮಗೂ ಆಗ್ತದಲ್ಲ ಅಂತ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವರಿಗೆ. ಬಾಟಲಿ ಕೈಗೆ ತೆಗೆದುಕೊಂಡರು. ಕುಡಿಯಲಾಗಲಿಲ್ಲ. ಹಾಗೇ ಎದ್ದು ನಿಂತರು. ಜೇಬಿನ ಕಾಗದ ಜೇಬಿನಲ್ಲೇ ಉಳಿಯಿತು.

"ನನ್ನ ಪೆಟ್ಟಿಗೆ ಸರಿಯಾಗೇ ಕಲಿತಿದೆ. ಸುಳ್ಳು ಹೇಳಿದೋನು ನಾನು. ಈಕೆಗೆ ನೀರಿಲ್ಲ ಅಂದೆ. ನೀರಿತ್ತು."

ಗೋಡೆಯ ಫಲಕದ ಮೇಲೆ ಅಂಕಿ ಬದಲಾಯಿತು: ಪರ ಇನ್ನೂರ ಆರು. ನಲ್ಲಿ ಮಂಜೂರಾಯಿತು.

ಹನುಮಕ್ಕ ಫಲಕದ ಕಡೆ ನೋಡಲೇ ಇಲ್ಲ.

"ಅವತ್ತು ಜ್ವರ ಬಂದು ಗೇಟಿಗೆ ಒರಗಿ ಕೇಳಿದ್ನಲ್ಲ," ಎಂದಳು ಮೆಲ್ಲಗೆ. "ಅವತ್ತೂ ಇತ್ತಾ?"

"ಇತ್ತು ಹನುಮಕ್ಕ."

ಅವಳು ಅವರ ಕೈಯಿಂದ ಬಾಟಲಿ ಇಸಿದುಕೊಂಡು, ಮುಚ್ಚಳ ತಿರುಗಿಸಿ, ಚೀಲದಲ್ಲಿ ಇಟ್ಟುಕೊಂಡಳು.