ಒಂದು ಸೌಟು ನಿನ್ನೆಯ ಮೊಸರು

ಮಧ್ಯಾಹ್ನಕ್ಕೆ ಗಟ್ಟಿ ಮೊಸರಾಗಬೇಕಿದ್ದ ಎಂಟುನೂರು ಲೀಟರ್ ಹಾಲು, ಟ್ಯಾಂಕಿನ ಮುಚ್ಚಳ ತೆಗೆದಾಗ ನೀರಿನಂತೆ ತುಳುಕಿತು. ಸತತ ಮೂರನೆಯ ದಿನ.

ಗೌರಿಬಿದನೂರಿನ ಆ ಸಣ್ಣ ಡೇರಿಯ ಒಡತಿ ವರಲಕ್ಷ್ಮಮ್ಮ ನೇರ ಠಾಣೆಗೆ ಬಂದರು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದಿದ್ದರು.

"ನಮ್ಮ ಡೇರಿ ಕೆಲಸದ ಕಲಂದರ್ ಏನೋ ಕಲೆಸಿದಾನೆ. ರಜ ಕೊಡಲಿಲ್ಲ ಅಂತ ಸಿಟ್ಟು ಅವನಿಗೆ."

ಇಪ್ಪತ್ತೆರಡು ವರ್ಷ ದುಡಿದವನ ಮೇಲೆ ಮೂರೇ ದಿನಕ್ಕೆ ಅನುಮಾನ. ನನಗೆ ಬೇಸರವಾಯಿತು. ಆದರೆ ನಾನು ಹೆಡ್ ಕಾನ್‌ಸ್ಟೇಬಲ್ ಕೋನಪ್ಪ, ನನ್ನ ಅಭಿಪ್ರಾಯ ಯಾರಿಗೆ ಬೇಕು? ಸುಮ್ಮನೆ ದೂರು ಬರೆದುಕೊಂಡೆ.

ಎಸ್‌ಐ ಯಾಮಿನಿ ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಸೇರಿದ್ದು ಪೊಲೀಸ್. ಡೇರಿಗೆ ಹೋಗಿ ಕಲಂದರ್‌ನನ್ನು ಕೂರಿಸಿಕೊಂಡು ಕೇಳಿದರು.

"ಕೀಲಿ ಎರಡೇ, ಮೇಡಂ. ಒಂದು ನಂದು, ಒಂದು ಅಮ್ಮಂದು. ಸಂಜೆ ಕಾಸ್ಟಿಕ್ ಸೋಡಾ ಹಾಕಿ ಟ್ಯಾಂಕ್ ತೊಳೀತೀನಿ, ಕುದಿಯೋ ನೀರು ಬಿಡ್ತೀನಿ, ಬೀಗ ಹಾಕ್ತೀನಿ. ಬೆಳಿಗ್ಗೆ ಆರಕ್ಕೆ ಹಾಲು ಬಿಟ್ಟು ಹೊಸ ಪೊಟ್ಟಣದ ಹೆಪ್ಪು ಹಾಕ್ತೀನಿ." ಅವನ ದನಿ ತಗ್ಗಿತು. "ಮುಂದಿನ ತಿಂಗಳು ಮಗಳ ನಿಕಾಹ್. ಇಂಥ ಹೆಸರು ಬಂದ್ರೆ ಗಂಡಿನ ಕಡೆಯೋರು ಬರ್ತಾರಾ?"

*

ಯಾಮಿನಿಯ ಮೊದಲ ಅನುಮಾನ ಮೇಲೂರಿನಿಂದ ಹಾಲು ತರುವ ಬಯ್ಯಪ್ಪನ ಮೇಲೆ. ಕೆಚ್ಚಲು ಬಾವಿಗೆ ಕೊಡುವ ಇಂಜೆಕ್ಷನ್ನಿನ ಔಷಧಿ ಹಾಲಿಗಿಳಿದರೆ ಮೊಸರಿನ ಬ್ಯಾಕ್ಟೀರಿಯಾ ಸಾಯುತ್ತವೆ.

"ಒಂದು ಹಸುಗೆ ಇಂಜೆಕ್ಷನ್ ಕೊಡಿಸಿದ್ದು ನಿಜ ಕಣಮ್ಮ. ಅದರ ಹಾಲು ಡೇರಿಗೆ ಹಾಕಿಲ್ಲ," ಎಂದ ಬಯ್ಯಪ್ಪ.

ಯಾಮಿನಿ ಅದೇ ಹಾಲು, ಅದೇ ಪೊಟ್ಟಣದ ಹೆಪ್ಪು ತಂದು ಠಾಣೆಯಲ್ಲೇ ಪಾತ್ರೆಯಲ್ಲಿಟ್ಟರು. ಮಧ್ಯಾಹ್ನ ನಾವೆಲ್ಲ ಮೊಸರನ್ನ ಉಂಡೆವು. ಹಾಲೂ ಹೆಪ್ಪೂ ಎರಡೂ ನಿರಪರಾಧಿಗಳು.

ಉಳಿದದ್ದು ಟ್ಯಾಂಕ್. ಸಂಜೆ ಕಲಂದರ್ ತೊಳೆದ ಮೇಲೆ ಹತ್ತಿಯಿಂದ ಒಳಗೋಡೆ ಒರೆಸಿ ಬಾಟಲಿಗೆ ಹಾಕಿದರು. ಮರುದಿನ ಬೆಳಿಗ್ಗೆ, ಹಾಲು ಬಿಡುವ ಮುಂಚೆ ಇನ್ನೊಮ್ಮೆ. ಎರಡೂ ಬಾಟಲಿಗಳು ಚಿಕ್ಕಬಳ್ಳಾಪುರದ ಲ್ಯಾಬಿಗೆ, ತಜ್ಞೆ ಹರಿತಾ ಬಳಿಗೆ ಹೋದವು.

ವಾರದ ಮೇಲೆ ಹರಿತಾ ಫೋನ್ ಮಾಡಿದರು. "ಸಂಜೇದು ಕ್ಲೀನ್. ಬೆಳಿಗ್ಗೇದ್ರಲ್ಲಿ ಕೋಟ್ಯಂತರ ವೈರಸ್."

*

ಡೇರಿಯಲ್ಲಿ ಯಾಮಿನಿ ಕಲಂದರ್‌ನತ್ತ ನೋಡಲೇ ಇಲ್ಲ. ಅವನು ತೊಳೆದು ಬೀಗ ಹಾಕಿದ ಮೇಲೆ ಟ್ಯಾಂಕಿಗೆ ಏನೋ ಬಿದ್ದಿತ್ತು, ಇನ್ನೊಂದು ಕೀಲಿ ಒಡತಿಯ ಬಳಿ ಇತ್ತು.

"ವರಲಕ್ಷ್ಮಮ್ಮ, ಬೆಳಿಗ್ಗೆ ಆರಕ್ಕೆ ಮುಂಚೆ ಟ್ಯಾಂಕಿಗೆ ಏನು ಹಾಕ್ತೀರಿ?"

"ನಾನಾ? ಪೂಜೆ ಮುಗಿಸಿ ಒಂದು ಸೌಟು ನಿನ್ನೆ ಮೊಸರು ಬಿಡ್ತೀನಿ. ಮೊಸರಿನ ಪಾತ್ರೆ ಬರಿದಾಗಿ ಇರಬಾರದು. ನಮ್ಮತ್ತೆ ಕಾಲದಿಂದ ಬಂದಿದ್ದು."

"ಹೆಪ್ಪಾಗದೇ ಇದ್ದ ದಿನದ್ದೂ?"

"ನಿನ್ನೇದು ಅಂದ್ರೆ ನಿನ್ನೇದೇ ಅಲ್ವೇನಮ್ಮ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು ನಮ್ಮ ಪಾಡು.

ಯಾಮಿನಿ ಬಿಡಿಸಿ ಹೇಳಿದರು. "ಮೊಸರಿನ ಬ್ಯಾಕ್ಟೀರಿಯಾಕ್ಕೂ ವೈರಸ್ ಕಾಟ ಇದೆ. ಮನುಷ್ಯರಿಗೆ ಅದರಿಂದ ತೊಂದರೆ ಇಲ್ಲ. ಈ ಪೊಟ್ಟಣದ ಬ್ಯಾಕ್ಟೀರಿಯಾಕ್ಕೆ ಕ್ರಿಸ್ಪರ್ ಅನ್ನೋ ಕಾವಲಿದೆ. ಹಳೇ ವೈರಸ್ಸಿನ ಗುರುತು ಇಟ್ಕೊಂಡು, ಮತ್ತೆ ಬಂದ್ರೆ ಅದರ ಡಿಎನ್‌ಎ ಕತ್ತರಿಸುತ್ತೆ."

"ಮತ್ತೆ ಕತ್ತರಿಸಲಿಲ್ಲ ಯಾಕೆ?" ನಾನೇ ಕೇಳಿದೆ.

"ಈ ವೈರಸ್ ಒಳಗೆ ಹೋದ ಕೂಡಲೇ ಒಂದು ಪ್ರೋಟೀನ್ ಮಾಡುತ್ತೆ. ಅದು ಆ ಕ್ರಿಸ್ಪರ್ ಕತ್ತರಿಗೆ ಅಂಟಿಕೊಳ್ಳುತ್ತೆ. ಮೊದಲು ನುಗ್ಗಿದ ವೈರಸ್ ಸತ್ತರೂ ಅದರ ಪ್ರೋಟೀನ್ ಅಲ್ಲೇ ಉಳಿಯುತ್ತೆ. ಎರಡನೇದು ಬಂದಾಗ ಕತ್ತರಿ ಆಡಲ್ಲ. ಈ ಜಾತಿ ವೈರಸ್ ಈಚೆಗೆ ಹಾಲಲ್ಲಿ ಬಂದಿರಬೇಕು; ನಾಲ್ಕಾರು ವೈರಸ್ ಕೈಲಿ ಇದಾಗಲ್ಲ, ಗುಂಪು ಬೇಕು. ದಿನಾ ಒಂದು ಸೌಟು ಹಾಕಿ ಗುಂಪು ಬೆಳೆಸಿದ್ದು ನೀವು."

ವರಲಕ್ಷ್ಮಮ್ಮ ಸೊಂಟದಿಂದ ಕೀಲಿ ಬಿಚ್ಚಿ ಕಲಂದರ್ ಕೈಗಿಟ್ಟರು.

"ಎರಡೂ ನಿನ್ನ ಹತ್ರಾನೇ ಇರ್ಲಪ್ಪ. ನಿಕಾಹ್‌ಗೆ ಮೊಸರು ನಂದು."

"ಮೊಸರು ಬೇಡಮ್ಮ," ಎಂದ ಕಲಂದರ್. "ನೀವು ಬನ್ನಿ. ನಂದು ತಪ್ಪಿಲ್ಲ ಅಂತ ಗಂಡಿನ ಕಡೆಯೋರ ಮುಂದೆ ನೀವೇ ಹೇಳಿ."

"ಬರ್ತೀನಿ," ಎಂದರು ವರಲಕ್ಷ್ಮಮ್ಮ. ಠಾಣೆಗೆ ಬಂದಾಗಿನ ದನಿ ಅದಾಗಿರಲಿಲ್ಲ.