ಸೀಲು ಒಡೆಯದ ಬಾಟಲಿ

ಕೇದಾರನಾಥಕ್ಕೆ ಹೊರಟಾಗ ಬೆಟ್ಟದ ಬುಡದಲ್ಲಿದ್ದ ಡಾಕ್ಟರು ಹೇಳಿದ್ದು ಎರಡೇ ಮಾತು: ಇಲ್ಲೊಂದು ದಿನ ತಂಗಿ, ಹತ್ತುವಾಗ ಆಗಾಗ ನೀರು ಕುಡಿಯಿರಿ, ಇಲ್ಲದಿದ್ದರೆ ಮೇಲಿನ ಗಾಳಿ ನಿಮಗೆ ಸಾಲುವುದಿಲ್ಲ.

ನನ್ನಕ್ಕನ ಗಂಡ ಪ್ರಭುಸ್ವಾಮಿ ರಾವಂದೂರಿನಲ್ಲಿ ಹೊಗೆಸೊಪ್ಪು ಬೆಳೆಯುವವರು. ಅವರು ಎರಡನ್ನೂ ಕೇಳಲಿಲ್ಲ. “ದರ್ಸನ ಆಗಗಂಟ ತೊಟ್ಟು ನೀರೂ ಮುಟ್ಟಲ್ಲ ಅಂತ ಅರಕೆ ಕಣಪ್ಪ. ಸೋಮವಾರ ತಪ್ಪಬಾರ್ದು, ನಡಿ,” ಎಂದರು. ಅವರಿಗೆಂದು ಕೊಂಡ ನೀರಿನ ಬಾಟಲಿ ನನ್ನ ಚೀಲದಲ್ಲೇ ಉಳಿಯಿತು.

ಗುಡಿ ಕಾಣುವ ತಿರುವಿನಲ್ಲಿ ಅವರು ಕುಸಿದು ಕೂತರು. ತುಟಿ ನೀಲಿಗಟ್ಟಿತ್ತು.

“ಒಂದ್ ಗುಟುಕು ಕೊಡಪ್ಪ.”

“ಅರಕೆ ಕೆಟ್ಟೋಯ್ತದೆ ಭಾವ, ಇನ್ನೊಂಚೂರು ತಡ್ಕೊಳಿ,” ಎಂದೆ.

ಅಲ್ಲೇ ತೀರಿಕೊಂಡರು.

ಊರಿಗೆ ಬಂದು ಆ ಬಾಟಲಿಯನ್ನು ಅವರ ಫೋಟೋದ ಮುಂದಿಟ್ಟೆ. ಮರುದಿನ ಸುಡುಮಧ್ಯಾಹ್ನ ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಒಂದು ಗುಟುಕು ನೀರು ಕಮ್ಮಿಯಾಗಿತ್ತು. ಸೀಲು ಒಡೆದಿರಲಿಲ್ಲ. ಆಮೇಲೆ ದಿನಾ ಹಾಗೇ. ಅಕ್ಕನೂ ನೋಡಿದಳು. “ಅವತ್ತೇ ಕೊಟ್ಬುಡಬಾರ್ದಾಗಿತ್ತೇನ್ಲಾ?” ಎಂದಷ್ಟೇ ಕೇಳಿದಳು.

ನಿನ್ನೆ ಬಾಟಲಿ ಬರಿದಾಯಿತು. ನಿನ್ನೆಯಿಂದ ನಾನು ಎಷ್ಟು ನೀರು ಕುಡಿದರೂ ಗಂಟಲು ಒದ್ದೆಯಾಗುತ್ತಿಲ್ಲ.